ಮೀನು, ಮೊಟ್ಟೆ ಮುಟ್ಟದವನಿಗೆ ಕೊಲೆಸ್ಟ್ರಾಲ್ ಎಲ್ಲಿಂದ ಬಂತು?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 41, ಊರು ಶಿರಸಿ ಹತ್ತಿರ, ಹುಟ್ಟಿದಾಗಿಂದ ಸಸ್ಯಾಹಾರಿ. ಆದರೂ ಒಟ್ಟು ಕೊಲೆಸ್ಟ್ರಾಲ್ 238, ಎಲ್‌ಡಿಎಲ್ ('ಕೆಟ್ಟ' ಕೊಲೆಸ್ಟ್ರಾಲ್) 158, ಎಚ್‌ಡಿಎಲ್ ('ಒಳ್ಳೆಯ' ಕೊಲೆಸ್ಟ್ರಾಲ್) 41, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 195. ಕಾಯಿ ಬಿಡಬೇಕಾ? ಮಾತ್ರೆ ಶುರು ಮಾಡಿದರೆ ಸಾಯುವವರೆಗೂ ನುಂಗಬೇಕಾ?

ನಾನು ಡಾಕ್ಟರಲ್ಲ. ನಿಮ್ಮ ಹಾಗೇ ಅಡಿಕೆ ತೋಟದವನು, ಆರು ವರ್ಷದಿಂದ ಈ ರಿಪೋರ್ಟು ಹಿಡಿದುಕೊಂಡು ಓಡಾಡಿದವನು. ಆ ಓಡಾಟದಲ್ಲಿ ಗೊತ್ತಾದದ್ದನ್ನು ಹೇಳುತ್ತೇನೆ.

ಕೊಲೆಸ್ಟ್ರಾಲ್ ತಟ್ಟೆಯಿಂದ ಬರುವುದಕ್ಕಿಂತ ಜಾಸ್ತಿ ನಮ್ಮ ಮೈಯೊಳಗೇ, ಮುಖ್ಯವಾಗಿ ಲಿವರಿನಲ್ಲಿ, ತಯಾರಾಗುತ್ತದೆ. ಹಾರ್ಮೋನಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಎಣ್ಣೆ ಪ್ಯಾಕೆಟ್ಟಿನ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಬಾಳೆಹಣ್ಣಿನ ಮೇಲೆ 'ಮುಳ್ಳಿಲ್ಲ' ಅಂತ ಚೀಟಿ ಅಂಟಿಸಿದ ಹಾಗೆ.

ಹಾಗಾದರೆ ತೊಂದರೆ ಎಲ್ಲಿ? ನಮ್ಮ ಡಾಕ್ಟರು ಇದನ್ನು ದೋಟಿ ಇಟ್ಟುಕೊಂಡು ವಿವರಿಸಿದರು. ಲಿವರಿನ ಮೇಲೆ ಸಣ್ಣ ಸಣ್ಣ ಕೊಕ್ಕೆಗಳಿವೆ. ರಕ್ತದಲ್ಲಿ ಹರಿಯುವ ಎಲ್‌ಡಿಎಲ್ ಅನ್ನು ಅವು ದೋಟಿಯಲ್ಲಿ ಮಾವಿನಕಾಯಿ ಎಳೆದ ಹಾಗೆ ಒಳಗೆ ಎಳೆದುಕೊಳ್ಳುತ್ತವೆ. (ಈ ಕೊಕ್ಕೆ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ಗೆ 1985ರಲ್ಲಿ ನೊಬೆಲ್ ಬಂತು.) ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದರೆ ತುಪ್ಪದ ಹಾಗೆ ಗಟ್ಟಿಯಾಗುವ ಕೊಬ್ಬು, ಜಾಸ್ತಿ ತಿಂದರೆ ಕೊಕ್ಕೆ ಕಡಿಮೆಯಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಉಳಿದದ್ದು ನಿಧಾನಕ್ಕೆ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ.

ಈಗ ಕಾಯಿಯ ವಿಷಯ. ಬೇಜಾರು ಮಾಡಿಕೊಳ್ಳಬೇಡಿ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಪಾಲು ಸ್ಯಾಚುರೇಟೆಡ್ ಕೊಬ್ಬೇ. ತುಪ್ಪದಲ್ಲಿ 60ರ ಮೇಲೆ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಅಂದರೆ ಸುಮಾರು 12 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ದಿನಕ್ಕೆ 2000 ಕ್ಯಾಲೊರಿ ತಿನ್ನುವವನಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗಡಿ ಸುಮಾರು 22 ಗ್ರಾಂ. 'ಅಜ್ಜ ತಿಂದು ತೊಂಬತ್ತು ವರ್ಷ ಬದುಕಿದ್ದ' ಅಂತ ನಾನೂ ವಾದ ಮಾಡಿದ್ದೆ. ಆದರೆ ಅಜ್ಜ ಸೊಪ್ಪಿನ ಹೊರೆ ಹೊತ್ತು ದಿನಕ್ಕೆ ನಾಲ್ಕು ಸಲ ಬೆಟ್ಟ ಹತ್ತಿ ಇಳಿಯುತ್ತಿದ್ದ. ನಾನು ತೋಟಕ್ಕೂ ಬೈಕಲ್ಲೇ ಹೋಗುತ್ತೇನೆ.

ನಮ್ಮ ಮನೆಯಲ್ಲಿ ಕಾಯಿ ಬಿಡಲಿಲ್ಲ, ಅಳತೆ ಇಟ್ಟೆವು. ಮೊದಲು ನಾಲ್ಕು ಜನರ ಪದಾರ್ಥಕ್ಕೆ ಒಂದು ಇಡೀ ಕಾಯಿ ಬೀಳುತ್ತಿತ್ತು, ಈಗ ಅರ್ಧ ಕಡಿ. ಒಗ್ಗರಣೆಗೆ ಶೇಂಗಾ ಎಣ್ಣೆ ಬಂತು, ಅದೂ ಚಮಚದಲ್ಲಿ. ವಾರದಲ್ಲಿ ಮೂರು ದಿನ ಹುರುಳಿ ಇಲ್ಲಾ ಹೆಸರುಕಾಳು. ಕಾಳಿನಲ್ಲಿರುವ ಕರಗುವ ನಾರು ಎಲ್‌ಡಿಎಲ್ ಸ್ವಲ್ಪ ಇಳಿಸುತ್ತದೆ. ಅಪ್ಪೆಹುಳಿಗಂತೂ ಕಾಯಿಯೇ ಬೇಡ, ಲೋಟಗಟ್ಟಲೆ ಕುಡಿದರೂ ಚಿಂತೆ ಇಲ್ಲ, ಬಿಪಿ ಇದ್ದರೆ ಉಪ್ಪು ಮಾತ್ರ ನೋಡಿಕೊಳ್ಳಿ. ಪೇಟೆಗೆ ಹೋದಾಗ ಬೇಕರಿ ಪಫ್ ತಿನ್ನುವುದನ್ನು ನಿಲ್ಲಿಸಿದ್ದು ನನಗೆ ಕಾಯಿಗಿಂತ ಕಷ್ಟವಾಯಿತು, ನಿಜ ಹೇಳಬೇಕೆಂದರೆ.

ನಿಮ್ಮ 195ರ ಟ್ರೈಗ್ಲಿಸರೈಡ್ ಬೇರೆ ಕಥೆ. 150ರ ಒಳಗೆ ಇರಬೇಕು. ಅದನ್ನು ಏರಿಸುವುದು ಸಿಹಿ, ಜಾಸ್ತಿ ಅನ್ನ, ಹೆಂಡ, ಹೊಟ್ಟೆಯ ಬೊಜ್ಜು. ದೋಸೆಗೆ ಜೋನಿಬೆಲ್ಲ ಸುರಿದುಕೊಳ್ಳುವ ನಾವು ಇಲ್ಲಿ ಸಿಕ್ಕಿಬೀಳುತ್ತೇವೆ. ಕೊಲೆಸ್ಟ್ರಾಲಿಗೆ ಒಳ್ಳೆಯದು ಅಂತ ಯಾರೋ ಹೇಳಿದ್ದಕ್ಕೆ ನಾನು ಒಂದು ಬೇಸಿಗೆ ಪೂರ್ತಿ ಮುರುಗಲು ಶರಬತ್ತು ಕುಡಿದೆ. ಅದರಲ್ಲಿ ಮುರುಗಲಿಗಿಂತ ಸಕ್ಕರೆಯೇ ಜಾಸ್ತಿ ಇತ್ತು ಅನ್ನುವುದು ಆಮೇಲೆ ಹೊಳೆಯಿತು.

ಪರೀಕ್ಷೆ ಹೇಗೆ ಕೊಟ್ಟಿರಿ ಅನ್ನುವುದೂ ಮುಖ್ಯ. ನಾನು ಮೊದಲ ಸಲ ರಕ್ತ ಕೊಟ್ಟದ್ದು ಆಲೆಮನೆಯ ಮರುದಿನ ಬೆಳಿಗ್ಗೆ. ರಾತ್ರಿ ಹನ್ನೊಂದರವರೆಗೆ ಕಬ್ಬಿನಹಾಲು, ಮಂಡಕ್ಕಿ, ಮಿರ್ಚಿ. ಬೆಳಿಗ್ಗೆ ಹಾಲು ಹಾಕಿದ ಚಹಾ ಬೇರೆ. ಲ್ಯಾಬಿನವರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಟ್ರೈಗ್ಲಿಸರೈಡ್ 412 ಬಂತು, ಎಲ್‌ಡಿಎಲ್ ಜಾಗದಲ್ಲಿ ಸುಮ್ನೆ ಒಂದು ಗೆರೆ. ಯಾಕೆ ಗೊತ್ತಾ? ಬಹಳ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ ಅದನ್ನೂ ಕಳೆಯಿರಿ. ನಿಮ್ಮದನ್ನೇ ನೋಡಿ: 238ರಲ್ಲಿ 41 ಹೋಯಿತು, 39 ಹೋಯಿತು, ಉಳಿದದ್ದು 158. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದಿಲ್ಲ. ಹನ್ನೆರಡು ತಾಸು ಉಪವಾಸ ಇದ್ದು ಮತ್ತೆ ಕೊಟ್ಟಾಗ ನನ್ನ ಟ್ರೈಗ್ಲಿಸರೈಡ್ 235ಕ್ಕೆ ಇಳಿಯಿತು. ಎಲ್‌ಡಿಎಲ್ ಮಾತ್ರ 162. ಅದಕ್ಕೆ ಕಬ್ಬಿನಹಾಲನ್ನು ದೂರುವ ಹಾಗಿರಲಿಲ್ಲ.

ಮಾತ್ರೆಗೆ ಬರೋಣ. ನನಗೆ ಕೊಟ್ಟದ್ದು ಅಟೊರ್ವಾಸ್ಟಾಟಿನ್ 10 ಮಿ.ಗ್ರಾಂ. ಈ ಜಾತಿಯ ಔಷಧಿ ಮೊದಲು ಸಿಕ್ಕಿದ್ದು ಒಂದು ಬೂಸ್ಟಿನಲ್ಲಿ. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಕಂಡುಹಿಡಿದದ್ದು. ಮಳೆಗಾಲವಿಡೀ ಬೂಸ್ಟಿನ ಜೊತೆ ಜಗಳವಾಡುವ ನಮಗೆ ಇದು ಕೇಳಿದರೆ ತಮಾಷೆ ಅನಿಸುತ್ತದೆ, ಅಲ್ವಾ? ಲಿವರ್ ತಾನೇ ಕೊಲೆಸ್ಟ್ರಾಲ್ ಮಾಡುವುದನ್ನು ಮಾತ್ರೆ ತಗ್ಗಿಸುತ್ತದೆ. ಆಗ ಲಿವರ್ ಹೊರಗಿನದನ್ನು ಎಳೆದುಕೊಳ್ಳಲು ಹೆಚ್ಚು ಕೊಕ್ಕೆ ಹಾಕುತ್ತದೆ.

ನಾಲ್ಕು ತಿಂಗಳಲ್ಲಿ ನನ್ನ ಎಲ್‌ಡಿಎಲ್ 98 ಆಯಿತು. ವಾಸಿಯಾಯಿತು ಅಂತ ಖುಷಿಯಲ್ಲಿ ನಾನೇ ಮಾತ್ರೆ ಬಿಟ್ಟೆ. ಮೂರು ತಿಂಗಳಿಗೆ ಮತ್ತೆ 155. ಆ 98 ನನ್ನದಲ್ಲ, ಮಾತ್ರೆಯದು. ಈಗ ರಾತ್ರಿ ಊಟವಾದ ಮೇಲೆ ತಪ್ಪಿಸುವುದಿಲ್ಲ. ಮೈಕೈ ನೋವು ಜಾಸ್ತಿ ಬಂದರೆ ಡಾಕ್ಟರಿಗೆ ಹೇಳಿ, ಸುಮ್ಮನೆ ಬಿಡಬೇಡಿ.

ಹಾಗಂತ 158 ಬಂದವರೆಲ್ಲರಿಗೂ ಮಾತ್ರೆ ಬೇಕು ಅಂತ ಅಲ್ಲ. ಬಿಪಿ, ಸಕ್ಕರೆ, ತಂಬಾಕು, ಮನೆತನ ಎಲ್ಲ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ. ಸಿಗರೇಟು ಸೇದುವುದಿಲ್ಲ ಅಂತ ಹೇಳುವಾಗ ಕವಳದ ಸಂಚಿಯಲ್ಲಿರುವ ತಂಬಾಕಿನ ಎಸಳನ್ನು ಮರೆಯಬೇಡಿ. ನಾನು ಮರೆತಿದ್ದೆ, ಡಾಕ್ಟರು ನನ್ನ ಹಲ್ಲು ನೋಡಿ ನೆನಪಿಸಿದರು.

ಎರಡು ವಿಷಯ ನೀವು ಬರೆದಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ? ಅದು ಕಡಿಮೆಯಾದರೂ ಎಲ್‌ಡಿಎಲ್ ಏರುತ್ತದೆ. ಅಪ್ಪ ಅಥವಾ ಅಣ್ಣ-ತಮ್ಮಂದಿರಲ್ಲಿ ಯಾರಿಗಾದರೂ 55ರ ಒಳಗೆ, ಅಮ್ಮ ಅಥವಾ ಅಕ್ಕ-ತಂಗಿಯರಿಗೆ 65ರ ಒಳಗೆ ಹೃದಯಾಘಾತ ಆಗಿತ್ತಾ? ಅದನ್ನು ಕೇಳಿ ತಿಳಿದುಕೊಂಡೇ ಡಾಕ್ಟರ ಹತ್ತಿರ ಹೋಗಿ, ಅವರ ಮೊದಲ ಪ್ರಶ್ನೆ ಅದೇ ಆಗಿರಬಹುದು.