ಹಳೇ ಸಿನಿಮಾ ಹಾಡು, ಹಳೇ ಚಂದಮಾಮ

ನಿಮ್ಮ ಪ್ರಶ್ನೆ ಇಷ್ಟು: ನಲವತ್ತು ದಾಟಿದ ಮೇಲೂ ಸಿನಿಮಾ ಹಾಡೇ ಇಷ್ಟ, ಚಿಕ್ಕಂದಿನ ಕಥೆ ಪುಸ್ತಕ ಕಂಡರೆ ಈಗಲೂ ಕೈ ಹೋಗುತ್ತದೆ. ಹಾಗಾದರೆ ನನ್ನ ಅಭಿರುಚಿ ಬೆಳೆದೇ ಇಲ್ಲವಾ?

ಅದರಿಂದ ಹಾಗೆ ಹೇಳೋಕೆ ಬರಲ್ಲ. ನಾನೂ ನಿಮ್ಮ ಪೈಕಿಯೇ. ಹುಟ್ಟಿದ್ದು ಗದಗ, ಈಗ ಇರುವುದು ಧಾರವಾಡ. ಈ ಊರಲ್ಲಿ ಸಿನಿಮಾ ಹಾಡು ಇಷ್ಟ ಅನ್ನೋದಕ್ಕೆ ಸ್ವಲ್ಪ ಧೈರ್ಯ ಬೇಕು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಊರು. ಬೇಂದ್ರೆಯವರ ಸಾಧನಕೇರಿ ಇಲ್ಲೇ. ಪಕ್ಕದ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಇದ್ದರು. ಯಾರ ಮನೆಗೆ ಹೋದರೂ ತಂಬೂರಿ ಹಿಡಿದವರೋ, ಹಿಡಿದವರನ್ನು ಹತ್ತಿರದಿಂದ ಕಂಡವರೋ ಒಬ್ಬರು ಸಿಗುತ್ತಾರೆ. ಅಂಥವರ ಎದುರು ನನ್ನ ಫೋನ್ ಹಂಸಲೇಖ ಟ್ಯೂನಿನಲ್ಲಿ ಬಾರಿಸಿದರೆ ಸುಮ್ನೆ ನಗುತ್ತಾರೆ. ಬೈಗುಳಕ್ಕಿಂತ ಆ ನಗು ಜಾಸ್ತಿ ಚುಚ್ಚುತ್ತದೆ, ಅಲ್ವಾ?

ಆದರೆ ಅವರು ಯಾರ ಹೆಸರು ಹೇಳಿ ನಗುತ್ತಾರೋ ಆ ದೊಡ್ಡವರ ಕಥೆಯನ್ನೇ ನೋಡಿ. ಭೀಮಸೇನ ಜೋಶಿಯವರು ಗದಗಿನಲ್ಲಿ ಬೆಳೆದ ಹುಡುಗ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಹಾಡಿದ ಠುಮ್ರಿಯ (ಲಘು ಶಾಸ್ತ್ರೀಯ ಹಾಡು) ಗ್ರಾಮಫೋನ್ ಪ್ಲೇಟು ಕೇಳಿ ತಲೆ ಕೆಟ್ಟಿತು. ಹಾಗೆ ಹಾಡೋದು ಕಲಿಯಬೇಕು ಅಂತ 1933ರಲ್ಲಿ ಮನೆ ಬಿಟ್ಟು ಹೋದರು. ಆಗ ವಯಸ್ಸು 11. ಇದನ್ನು ಎಲ್ಲರೂ ಶಾಸ್ತ್ರೀಯ ಸಂಗೀತದ ಕಥೆ ಅಂತಲೇ ಹೇಳುತ್ತಾರೆ. ನನಗೆ ಕಾಣೋದು ಆ ಪ್ಲೇಟು. ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಸ್ವಲ್ಪ ಹೆಚ್ಚು. ಗಂಟೆಗಟ್ಟಲೆ ಹಾಡಬಲ್ಲ ಖಾನ್ ಸಾಹೇಬರು ಅಷ್ಟರಲ್ಲೇ ಮುಗಿಸಬೇಕಿತ್ತು. ಅದನ್ನು ಕೇಳೋಕೆ ಮೈಫಿಲಿನ (ಖಾಸಗಿ ಕಛೇರಿಯ) ಆಮಂತ್ರಣ ಬೇಡ, ರಾಗದ ಹೆಸರೂ ಗೊತ್ತಿರಬೇಕಾಗಿಲ್ಲ. ನನ್ನ ಪ್ರಕಾರ ಅದು ಆ ಕಾಲದ ಜನಪ್ರಿಯ ಸಂಗೀತವೇ.

ಮನ್ಸೂರರು ಹುಡುಗರಿದ್ದಾಗ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿ ಹಾಡುತ್ತಿದ್ದರು. ಜೋಶಿಯವರು ಹೆಸರು ಮಾಡಿದ ಮೇಲೂ 1966ರಲ್ಲಿ 'ಸಂಧ್ಯಾರಾಗ' ಸಿನಿಮಾಕ್ಕೆ ಹಾಡಿದರು. ಅವರಿಗಿಲ್ಲದ ಮಡಿ ನಮಗ್ಯಾಕೆ?

ಬೇಂದ್ರೆಯವರ 'ಬೆಳಗು' ಕವಿತೆ 1967ರ 'ಬೆಳ್ಳಿಮೋಡ'ದಲ್ಲಿ ಎಸ್. ಜಾನಕಿಯವರ ದನಿಯಲ್ಲಿದೆ. ನಮ್ಮ ಅವ್ವ ಅದನ್ನು ರೇಡಿಯೋ ಕೇಳಿಯೇ ಬಾಯಿಪಾಠ ಮಾಡಿದ್ದು. ರೊಟ್ಟಿ ಬಡಿಯುವಾಗ ಹಾಡುತ್ತಿದ್ದಳು. ಅದು ಬೇಂದ್ರೆ ಅಜ್ಜಾರ ಕವಿತೆ ಅಂತ ಒಮ್ಮೆ ಹೇಳಿದೆ. "ಹೌದೇನ? ಅಜ್ಜಾರು ಸಿನಿಮಾಕ್ಕೂ ಬರೀತಿದ್ರೇನ?" ಅಂದಳು. ಕವಿತೆ ಹಳೇದು, ಸಿನಿಮಾದವರು ಆಮೇಲೆ ತಗೊಂಡರು ಅಂತ ತಿಳಿಸಿ ಹೇಳಿದೆ. "ಯಾವಾಗರ ಬರೀಲಿ, ಚಲೋ ಐತಿ" ಅಂತ ಹಿಟ್ಟು ನಾದೋಕೆ ಹೋದಳು. ವಿಮರ್ಶೆ ಅಲ್ಲಿಗೆ ಮುಗಿಯಿತು.

ಹಾಗಂತ ಇಷ್ಟವಾದದ್ದೆಲ್ಲ ಶ್ರೇಷ್ಠ ಅಂತ ನಾನು ವಾದ ಮಾಡಲ್ಲ. ತೊಂಬತ್ತರ ದಶಕದ ಕೆಲವು ಹಾಡು ನನಗೆ ಇಷ್ಟ ಯಾಕೆ ಅಂದರೆ, ಕಾಲೇಜಿಗೆ ಹೋಗುವ ಟಂಟಂನಲ್ಲಿ ದಿನಾ ಅವನ್ನೇ ಹಾಕುತ್ತಿದ್ದರು. ಅಷ್ಟೇ. ಹಾಡಿನಲ್ಲಿ ಏನೂ ಇಲ್ಲ. ಬೇರೆ ಕೆಲವು ಹಾಡು ಹಾಗಲ್ಲ. ಹೆಡ್‌ಫೋನ್ ಹಾಕಿ ಪಲ್ಲವಿಗೂ ಚರಣಕ್ಕೂ ನಡುವೆ ಬರುವ ವಾದ್ಯಗಳನ್ನು ಮಾತ್ರ ಕೇಳಿ ನೋಡಿ. ಆಗ ಕಿವಿಗೆ ಬೀಳದ ಕೊಳಲೋ ತಬಲಾನೋ ಈಗ ಸಿಗುತ್ತದೆ. ಎರಡು ಥರದ ಖುಷಿಯೂ ಖುಷಿಯೇ. ಬೇರೆ ಬೇರೆ ಅಂತ ಗೊತ್ತಿದ್ದರೆ ಆಯ್ತು.

ಪುಸ್ತಕದ ಮಾತಿಗೆ ಬಂದರೆ, ನನ್ನದು ಮಕ್ಕಳ ಮಾಸಪತ್ರಿಕೆ ಚಂದಮಾಮ. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ನಮ್ಮ ಕಾಕಾ ಅಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದರು. ರದ್ದಿ ಅಂಗಡಿಯಿಂದ ಹಳೇ ಸಂಚಿಕೆ ತಂದು, ಸೇರಿಸಿ ಹೊಲಿದು, ದಪ್ಪ ರಟ್ಟು ಹಾಕಿ ಕೊಡುತ್ತಿದ್ದರು. ಈಗ ತೆಗೆದು ಓದಿದರೆ ಎಷ್ಟೋ ಕಥೆ ಸಪ್ಪೆ. ರಾಜಕುಮಾರಿಯರು ಬಹುಮಾನ ಇದ್ದ ಹಾಗೆ ಗೆದ್ದವನ ಪಾಲಾಗುತ್ತಾರೆ. ಬೇತಾಳ ಮಾತ್ರ ಇನ್ನೂ ಬಿಟ್ಟಿಲ್ಲ. ಶಂಕರ್ ಬಿಡಿಸಿದ ಆ ಚಿತ್ರ, ಹೆಗಲ ಮೇಲಿನ ಶವ, ಕೈಯಲ್ಲಿ ಹಿರಿದ ಕತ್ತಿ. ಅದು ಒಂದು ಕಾರಣ. ಇನ್ನೊಂದು, ಕಥೆ ಮುಗಿದ ಮೇಲೆ ಬೇತಾಳ ತನ್ನನ್ನು ಹೊತ್ತ ರಾಜನಿಗೆ ಹಾಕುವ ಪ್ರಶ್ನೆ.

ಮೂಲ ಬೇತಾಳ ಕಥೆಗಳಲ್ಲಿ ಒಂದಿದೆ. ಹುಡುಗಿ ಸಾಯುತ್ತಾಳೆ. ಅವಳನ್ನು ಬಯಸಿದ ಮೂವರಲ್ಲಿ ಒಬ್ಬ ಅವಳ ಬೂದಿಯ ಮೇಲೇ ಮಲಗುತ್ತಾನೆ, ಒಬ್ಬ ಅಸ್ಥಿ ಗಂಗೆಗೆ ಒಯ್ಯುತ್ತಾನೆ, ಒಬ್ಬ ಮಂತ್ರ ತಂದು ಬದುಕಿಸುತ್ತಾನೆ. ಗಂಡ ಯಾರು? ಜೀವ ಕೊಟ್ಟವನು ತಂದೆಯ ಸಮ, ಅಸ್ಥಿ ಒಯ್ದವನು ಮಗನ ಸಮ, ಬೂದಿಯ ಮೇಲೆ ಮಲಗಿದವನೇ ಗಂಡ ಅನ್ನುತ್ತಾನೆ ರಾಜ. ಚಿಕ್ಕವನಿದ್ದಾಗ ಎಂಥ ಜಾಣ ಅನ್ನಿಸಿತ್ತು. ಈಗ ಅವನ ಜೊತೆ ಜಗಳಕ್ಕೆ ಬೀಳುತ್ತೇನೆ. ಎದ್ದು ಕೂತ ಹುಡುಗಿಯನ್ನು ಒಂದು ಮಾತು ಕೇಳಬಾರದಾ? ಪುಸ್ತಕ ಅದೇ. ಓದುವವನು ಬೇರೆ ಆಗಿದ್ದಾನೆ. ಅಭಿರುಚಿ ಬೆಳೆದಿದೆಯೋ ಇಲ್ಲವೋ ಅಂತ ನೋಡಬೇಕಿದ್ದರೆ ಅಲ್ಲಿ ನೋಡಿ, ಪುಸ್ತಕದ ರಟ್ಟಿನ ಮೇಲಲ್ಲ.

ಅಂದ ಹಾಗೆ, ಕಾಕಾ ಕಟ್ಟಿಕೊಟ್ಟ ಸಂಪುಟಗಳಲ್ಲಿ ನಡುವೆ ಕೆಲವು ತಿಂಗಳ ಸಂಚಿಕೆಗಳೇ ಇಲ್ಲ. ರದ್ದಿಯಲ್ಲಿ ಸಿಕ್ಕಷ್ಟೇ ತಾನೇ. ಎಷ್ಟೋ ಧಾರಾವಾಹಿಗಳ ಕೊನೆ ನನಗೆ ಗೊತ್ತಿಲ್ಲ. ನಿಮ್ಮ ಹತ್ತಿರ ಎಂಬತ್ತರ ದಶಕದ ಸಂಚಿಕೆ ಇದ್ದರೆ ತಿಳಿಸಿ.