ತೊಟ್ಟಿ ಮನೆಯ ರೆಂಡರ್‌ನಲ್ಲಿ (ಕಂಪ್ಯೂಟರ್ ಮೂಡಿಸಿದ ಚಿತ್ರದಲ್ಲಿ) ತೊಟ್ಟಿ ಬೆಳ್ಳಗೆ, ಪಡಸಾಲೆ ಕಪ್ಪಗೆ ಬರುತ್ತಿದೆ. ದೀಪ ಹೆಚ್ಚಿಸಬೇಕೆ?

ಮಂಡ್ಯದ ಕಡೆಯ ನಿಮ್ಮ ಅಜ್ಜನ ತೊಟ್ಟಿ ಮನೆಯನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಕಟ್ಟಿದ್ದೀರಿ. ಬಿಸಿಲು ಬಿದ್ದಲ್ಲಿ ಕೆಂಪು ಗಾರೆ ನೆಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದೆ, ಪಡಸಾಲೆಯ ಕಂಬಗಳು ಕಾಣಿಸುತ್ತಿಲ್ಲ, ಇನ್ನೆರಡು ದೀಪ ಇಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಇಡಬೇಡಿ. ಮೇಲಿನಿಂದ ತೊಟ್ಟಿಗೆ ಇಳಿದು, ಪಡಸಾಲೆಯತ್ತ ಸರಿಯುತ್ತ ಮೆಲ್ಲಗೆ ಮಬ್ಬಾಗುವ ಬೆಳಕೇ ಆ ಮನೆಯ ಜೀವ. ದೀಪ ಇಟ್ಟರೆ ಕಂಬಕ್ಕೆ ಎರಡೆರಡು ನೆರಳು ಹುಟ್ಟುತ್ತದೆ. ಮೈಸೂರಿನಲ್ಲಿ ಮನೆಗಳ ವಿನ್ಯಾಸಕ್ಕೆ ರೆಂಡರ್ ಮಾಡಿಕೊಡುವುದು ನನ್ನ ಕೆಲಸ. ಈ ತಪ್ಪನ್ನು ಮೊದಲು ನಾನೂ ಮಾಡಿದ್ದೇನೆ.

ನೆಲ ಕಿತ್ತಳೆಯಾಗಲು ಕಾರಣ ಬಹುಶಃ ವ್ಯೂ ಟ್ರಾನ್ಸ್‌ಫಾರ್ಮ್, ಅಂದರೆ ಲೆಕ್ಕ ಹಾಕಿದ ಬೆಳಕನ್ನು ಪರದೆಯ ಬಣ್ಣಕ್ಕೆ ಇಳಿಸುವ ವಿಧಾನ. ರೆಂಡರ್ ಸೆಟ್ಟಿಂಗ್‌ಗಳಲ್ಲಿ ಕಲರ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಅಲ್ಲಿ ಸ್ಟ್ಯಾಂಡರ್ಡ್ ಎಂದಿದ್ದರೆ, ಬಿಸಿಲಿನಲ್ಲಿ ಕೆಂಪಿನ ಅಂಶ ಪರದೆಯ ಮಿತಿ ಮುಟ್ಟಿ ಅಲ್ಲೇ ನಿಲ್ಲುತ್ತದೆ, ಹಸಿರಿನ ಅಂಶ ಮಾತ್ರ ಏರುತ್ತಲೇ ಹೋಗುತ್ತದೆ. ಎರಡೂ ಸೇರಿದರೆ ಕಿತ್ತಳೆ, ಇನ್ನೂ ಹೆಚ್ಚಾದರೆ ಹಳದಿ. ಅದನ್ನು ಎಜಿಎಕ್ಸ್ (AgX) ಎಂಬ ಆಯ್ಕೆಗೆ ಬದಲಿಸಿ. 2023ರಲ್ಲಿ ಬಂದ ಬ್ಲೆಂಡರ್ 4.0 ಆವೃತ್ತಿಯಿಂದ ಹೊಸ ಕಡತಗಳಲ್ಲಿ ಅದೇ ಇರುತ್ತದೆ. ಹಳೆಯ ಆವೃತ್ತಿಯಾದರೆ ಫಿಲ್ಮಿಕ್ ಆರಿಸಿ. ಆಗ ಬಿಸಿಲಿನ ಕೆಂಪು ಕಿತ್ತಳೆಯಾಗದೆ, ಫೋಟೊದಲ್ಲಿ ಆಗುವಂತೆ ತಿಳಿಯಾಗುತ್ತ ಹೋಗುತ್ತದೆ. ಚಿತ್ರ ಸ್ವಲ್ಪ ಸಪ್ಪೆ ಎನಿಸಿದರೆ ಅಲ್ಲೇ ಕೆಳಗಿರುವ ಲುಕ್‌ನಲ್ಲಿ ಮೀಡಿಯಂ ಹೈ ಕಾಂಟ್ರಾಸ್ಟ್ ಹಾಕಿ.

ಆಮೇಲೆ ಅಲ್ಲೇ ಇರುವ ಎಕ್ಸ್‌ಪೋಶರ್, ಅಂದರೆ ಇಡೀ ಚಿತ್ರದ ಬೆಳಕಿನ ಮಟ್ಟ. ಒಂದು ಅಂಕಿ ಏರಿಸಿದರೆ ಬೆಳಕು ಎರಡು ಪಟ್ಟಾಗುತ್ತದೆ, ಒಂದು ಇಳಿಸಿದರೆ ಅರ್ಧವಾಗುತ್ತದೆ. ಆದ್ದರಿಂದ 0.3, 0.5ರಂತೆ ಸಣ್ಣ ಹೆಜ್ಜೆ ಇಡಿ. ನಾನು ಪಡಸಾಲೆಯ ಕಂಬದ ಕೆತ್ತನೆ ಕಣ್ಣಿಗೆ ಹಿಡಿಯುವವರೆಗೆ ಏರಿಸಿ ನಿಲ್ಲಿಸುತ್ತೇನೆ. ತೊಟ್ಟಿಯ ನಡುವೆ ಒಂದು ಬಿಸಿಲ ಮಚ್ಚೆ ಬೆಳ್ಳಗೇ ಉಳಿದರೆ ಉಳಿಯಲಿ, ಮಧ್ಯಾಹ್ನ ನಮ್ಮ ಕಣ್ಣಿಗೂ ಅದು ಹಾಗೇ ಕುಕ್ಕುತ್ತದೆ.

ಇಷ್ಟಾದರೂ ತೊಟ್ಟಿ ಉರಿಯುತ್ತಿದ್ದರೆ ಗೋಡೆಯ ಬಣ್ಣ ನೋಡಿ. ಸುಣ್ಣದ ಗೋಡೆ ಎಂದು ಬೇಸ್ ಕಲರ್ (ವಸ್ತುವಿನ ಮೂಲ ಬಣ್ಣ) 1.0 ಇಟ್ಟಿರುತ್ತೀರಿ. ಹಾಗಿಟ್ಟರೆ ಗೋಡೆ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹಿಂದಕ್ಕೆ ಎಸೆಯುತ್ತದೆ. ಅಂಥ ಗೋಡೆ ಲೋಕದಲ್ಲಿ ಎಲ್ಲೂ ಇಲ್ಲ. ಹೊಸದಾಗಿ ಬಳಿದ ಸುಣ್ಣಕ್ಕೂ 0.8 ಸಾಕು, ಹಳೆಯ ಗೋಡೆಗೆ ಇನ್ನೂ ಕಡಿಮೆ.

ಚಿತ್ರವನ್ನು ಓಪನ್‌ಇಎಕ್ಸ್‌ಆರ್ (EXR) ಎಂಬ ಕಡತ ರೂಪದಲ್ಲಿ ಉಳಿಸಿ. ಮಾಮೂಲಿ 8 ಬಿಟ್ ಪಿಎನ್‌ಜಿಯಲ್ಲಿ ಪ್ರತಿ ಬಣ್ಣಕ್ಕೆ ಇರುವುದು 256 ಮೆಟ್ಟಿಲು ಮಾತ್ರ. ಆಮೇಲೆ ನೆರಳಿನ ಭಾಗವನ್ನು ಬೆಳಗಿಸಲು ಹೋದರೆ ಪಟ್ಟೆ ಪಟ್ಟೆಯಾಗುತ್ತದೆ. ಇಎಕ್ಸ್‌ಆರ್‌ನಲ್ಲಿ ಬೆಳಕಿನ ಮೂಲ ಲೆಕ್ಕವೇ ಉಳಿಯುವುದರಿಂದ ಮತ್ತೆ ರೆಂಡರ್ ಮಾಡದೆ ಎಷ್ಟು ಸಲ ಬೇಕಾದರೂ ತಿದ್ದಬಹುದು.

ಬಣ್ಣ ತಿದ್ದುವುದು ಕೊನೆಗೆ. ಬಿಳಿ ಗೋಡೆಯ ಬುಡದಲ್ಲಿ, ನೆಲದಿಂದ ಒಂದೆರಡು ಗೇಣು ಎತ್ತರದವರೆಗೆ, ತೆಳುವಾದ ಕೆಂಪು ಛಾಯೆ ಕಾಣುತ್ತದೆ. ಅದು ಗಾರೆ ನೆಲದಿಂದ ಚಿಮ್ಮಿದ ಬೆಳಕು, ದೋಷವೆಂದುಕೊಂಡು ಅಳಿಸಬೇಡಿ. ಗೋಡೆ ಪೂರ್ತಿ ಬೆಳ್ಳಗಾಗಲೆಂದು ನಾನೊಮ್ಮೆ ಅದನ್ನು ತೆಗೆದಿದ್ದೆ. ಗೋಡೆ ನೆಲಕ್ಕೆ ತಾಗದೆ ತೇಲಿದಂತೆ ಕಂಡಿತು.

ಮನೆ ಇನ್ನೂ ನಿಂತಿದ್ದರೆ ಒಂದು ಬೆಳಿಗ್ಗೆ ಹೋಗಿ, ನೆಲದ ಮೇಲೆ ಒಂದು ಬಿಳಿ ಹಾಳೆ ಇಟ್ಟು ಪಡಸಾಲೆಯಿಂದ ತೊಟ್ಟಿಯ ಫೋಟೊ ತೆಗೆಯಿರಿ. ಹಾಳೆ ಬಿಳಿಯಾಗಿ ಕಾಣುವಂತೆ ಫೋಟೊ ಸರಿಪಡಿಸಿ, ರೆಂಡರ್‌ನ ಪಕ್ಕದಲ್ಲಿಟ್ಟು ನೆಲದ ಕೆಂಪನ್ನು ಹೊಂದಿಸಿ. ಫೋಟೊ ತೆಗೆದ ಗಂಟೆಯನ್ನು ಬರೆದಿಟ್ಟುಕೊಳ್ಳಿ, ಸೂರ್ಯನ ಕೋನವನ್ನು ಕೂರಿಸಲು ಅದು ಬೇಕಾಗುತ್ತದೆ.