14 ವರ್ಷದ ಮಗಳು "ನಾನು ಕಪ್ಪು, ದಪ್ಪ" ಅಂತ ಫೋಟೋಗೂ ನಿಲ್ಲುತ್ತಿಲ್ಲ, ರಾತ್ರಿ ಊಟ ಬಿಡುತ್ತಿದ್ದಾಳೆ. ಏನು ಮಾಡಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳು ಒಂಬತ್ತನೇ ಕ್ಲಾಸು. ಒಂದು ವರ್ಷದಿಂದ ಫೋಟೋ ಅಂದರೆ ಎದ್ದು ಹೋಗುತ್ತಾಳೆ, ಈಗ ರಾತ್ರಿ ಊಟ ಬಿಟ್ಟಿದ್ದಾಳೆ, ಮುಂದಿನ ತಿಂಗಳು ನಿಮ್ಮ ತಮ್ಮನ ಮದುವೆಗೂ ಬರಲ್ಲ ಅನ್ನುತ್ತಿದ್ದಾಳೆ. "ನೀನು ಚೆಂದ ಇದ್ದೀಯ ಕಣೇ ಅಂತ ದಿನಾ ಹೇಳ್ತೀನಿ, ನಂಬೋದೇ ಇಲ್ಲ" ಅಂತ ಬರೆದಿದ್ದೀರಿ. ಆ ಮಾತು ಓದಿ ಮನಸ್ಸು ಹಿಂಡಿದ ಹಾಗಾಯಿತು. ನಾನೂ ನನ್ನ ಮಗಳಿಗೆ ಎರಡು ವರ್ಷ ಅದನ್ನೇ ಹೇಳಿದ್ದೆ.

ನಾನು ತುಮಕೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. 19 ವರ್ಷದಿಂದ ಈ ವಯಸ್ಸಿನ ಹುಡುಗಿಯರ ಜೊತೆ ಮೈದಾನದಲ್ಲೇ ಇದ್ದೇನೆ. ಡಾಕ್ಟರ್ ಅಲ್ಲ. ಕಂಡದ್ದು, ಕಲಿತದ್ದು ಹೇಳುತ್ತೇನೆ.

"ಚೆಂದ ಇದ್ದೀಯ" ಅಂದಾಗ ನಾವು ಅವಳ ಲೆಕ್ಕವನ್ನೇ ಒಪ್ಪಿಕೊಂಡ ಹಾಗಾಗುತ್ತದೆ. ಚೆಂದ ಇರುವುದು ಒಂದು ದೊಡ್ಡ ಪರೀಕ್ಷೆ, ನೀನು ಅದರಲ್ಲಿ ಪಾಸು ಅಂತ. ಅವಳು ಆಗಲೇ ತಾನು ಫೇಲು ಅಂತ ತೀರ್ಮಾನ ಮಾಡಿಕೊಂಡಿದ್ದಾಳೆ. ಅಮ್ಮ ಕೊಟ್ಟ ಮಾರ್ಕ್ಸು ಅವಳಿಗೆ ಲೆಕ್ಕಕ್ಕಿಲ್ಲ, ಅಮ್ಮ ಹೇಗಿದ್ದರೂ ಕೊಡುತ್ತಾಳೆ ಅಂತ ಅವಳಿಗೆ ಗೊತ್ತು. ಮನೆಯಲ್ಲಿ ಆ ಪರೀಕ್ಷೆಯೇ ನಡೆಯದ ಹಾಗೆ ಮಾಡಬೇಕು. ನನಗೆ ತೋಚಿದ್ದು ಇದೊಂದೇ.

ಆದರೆ ಮೊದಲು ಊಟದ ವಿಷಯ. ಅದು ಕಾಯುವಂಥದ್ದಲ್ಲ.

ನಮ್ಮ ಸ್ಕೂಲಿನಲ್ಲಿ ಬೆಳಗ್ಗೆ ಪ್ರಾರ್ಥನೆ ಹೊತ್ತಿಗೆ ವಾರಕ್ಕೆ ಒಬ್ಬಳಾದರೂ ತಲೆ ಸುತ್ತಿ ಬೀಳುತ್ತಾಳೆ. ಎತ್ತಿ ಕೂರಿಸಿ, ಬೆಲ್ಲ ನೀರು ಕೊಟ್ಟು, "ತಿಂಡಿ ತಿಂದ್ಯಾ?" ಅಂದರೆ ತಲೆ ಬಗ್ಗಿಸುತ್ತಾರೆ. ಮೊದಲು ಬಸ್ಸಿನ ಅವಸರ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕೆಲವರು ಬೇಕೆಂದೇ ಬಿಟ್ಟು ಬರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ 100 ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ. ಮೊದಲೇ ರಕ್ತ ಕಮ್ಮಿ, ಅದರ ಮೇಲೆ ಉಪವಾಸ. ಸ್ಕೂಲಿನಲ್ಲಿ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಕೊಡುತ್ತಿದ್ದರೆ ನಿಮ್ಮ ಮಗಳು ನುಂಗುತ್ತಿದ್ದಾಳಾ ಕೇಳಿ. "ಅದು ತಿಂದ್ರೆ ದಪ್ಪ ಆಗ್ತಾರೆ" ಅಂತ ಬ್ಯಾಗಿನಲ್ಲಿ ಹಾಗೇ ಇಟ್ಟುಕೊಂಡ ಹುಡುಗಿಯರನ್ನು ನೋಡಿದ್ದೇನೆ. ಹಾಗೆ ಆಗುವುದಿಲ್ಲ.

ಮೂರು ತಿಂಗಳು ಮುಟ್ಟು ನಿಂತಿದ್ದರೆ, ತೂಕ ಬೇಗ ಇಳಿಯುತ್ತಿದ್ದರೆ, ಊಟ ಆದ ಕೂಡಲೇ ಬಚ್ಚಲಿಗೆ ಓಡಿ ವಾಂತಿ ಮಾಡುತ್ತಿದ್ದರೆ, ಕೈ ಮೇಲೆ ಗಾಯ ಮಾಡಿಕೊಂಡಿದ್ದರೆ ಈ ಉತ್ತರ ಓದುತ್ತಾ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇರುತ್ತದೆ, ಅಲ್ಲೂ ವಿಚಾರಿಸಿ.

ಅಂಥದ್ದೇನೂ ಇಲ್ಲ ಅಂದರೆ, ಅವಳಿಗೆ ಮೈ ಬೆಳೆಯುವ ಲೆಕ್ಕವನ್ನು ಬಿಡಿಸಿ ಹೇಳಿ. ಯಾರೂ ಹೇಳಿರುವುದಿಲ್ಲ. ಮುಟ್ಟು ಶುರುವಾದ ಮೇಲೆ ಹುಡುಗಿಯರು ಸಾಮಾನ್ಯವಾಗಿ ಇನ್ನು 5ರಿಂದ 7 ಸೆಂಟಿಮೀಟರ್ ಅಷ್ಟೇ ಎತ್ತರ ಆಗುತ್ತಾರೆ. ಅದೇ ಹೊತ್ತಿಗೆ ಸೊಂಟ, ತೊಡೆ, ಎದೆ ತುಂಬಿಕೊಳ್ಳುತ್ತವೆ. ಮುಟ್ಟು ಸರಿಯಾಗಿ ಬರುವುದಕ್ಕೆ ಮೈಯಲ್ಲಿ ಅಷ್ಟು ಕೊಬ್ಬು ಬೇಕೇ ಬೇಕು. ಹುಡುಗಿಗೆ ಮಾತ್ರ ಏಳನೇ ಕ್ಲಾಸಿನ ಚೂಡಿದಾರ ಹತ್ತದೇ ಇರುವುದು ಕಾಣುತ್ತದೆ. ನಮ್ಮ ಕಡೆ ದೊಡ್ಡವಳಾದಾಗ ಚಿಗಳಿ ಉಂಡೆ, ಕೊಬ್ಬರಿ, ತುಪ್ಪ ಕೊಟ್ಟು "ತಿನ್ನು ತಿನ್ನು" ಅನ್ನುತ್ತಾರೆ. ಎರಡು ವರ್ಷ ಆದ ಮೇಲೆ ಅದೇ ಜನ "ಏನೇ ಇಷ್ಟು ದಪ್ಪ ಆಗಿದ್ದೀಯ" ಅನ್ನುತ್ತಾರೆ. ಆ ಮಗು ಯಾವ ಮಾತು ಕೇಳಬೇಕು?

ಈಗ ಮನೆಯ ಮಾತಿಗೆ ಬರುತ್ತೇನೆ. ಜಾಸ್ತಿ ಕೆಲಸ ಇರುವುದು ಇಲ್ಲೇ.

ಒಂದು ದೀಪಾವಳಿಗೆ ಬಟ್ಟೆ ತರಲು ಮಗಳನ್ನು ಕರೆದುಕೊಂಡು ಹೋಗಿದ್ದೆ. ಆಗ ಅವಳಿಗೆ 13. ಮಾವಿನಹಣ್ಣಿನ ಬಣ್ಣದ ಒಂದು ಚೂಡಿದಾರ ಎತ್ತಿಕೊಂಡು ಮೈಮೇಲೆ ಹಿಡಿದು ನೋಡಿದಳು, ಮತ್ತೆ ಮಡಚಿ ಇಟ್ಟಳು. "ಯಾಕೆ, ತಗೋ, ಚೆನ್ನಾಗಿದೆ" ಅಂದೆ. "ಈ ಬಣ್ಣ ನಂಗೆ ಒಪ್ಪಲ್ಲ ಅಂತ ನಿನ್ನ ಬಗ್ಗೆ ನೀನೇ ಹೇಳ್ಕೊಳ್ತೀಯಲ್ವಾ ಅಮ್ಮ, ನಾನು ನಿನಗಿಂತ ಕಪ್ಪು" ಅಂದಳು. ಕೋಪ ಇರಲಿಲ್ಲ, ಅಳು ಇರಲಿಲ್ಲ. ಗಣಿತದ ಉತ್ತರ ಹೇಳಿದ ಹಾಗೆ ಹೇಳಿದಳು. ನಾನು ಅವಳಿಗೆ ಒಂದು ದಿನವೂ ಕಪ್ಪು ಅಂದವಳಲ್ಲ. ಆದರೆ ಸೀರೆ ಅಂಗಡಿಯಲ್ಲಿ, ಕನ್ನಡಿ ಮುಂದೆ, ತಂಗಿಯ ಜೊತೆ ಫೋನಿನಲ್ಲಿ ನನ್ನ ಬಣ್ಣ, ನನ್ನ ಹೊಟ್ಟೆ, ನನ್ನ ತೋಳು ಅಂತ ವರ್ಷಗಟ್ಟಲೆ ಮಾತಾಡಿದ್ದೆ. ಅವಳು ಅದನ್ನೆಲ್ಲ ಕೇಳಿಸಿಕೊಂಡು ತನಗೂ ಲೆಕ್ಕ ಹಾಕಿಕೊಂಡಿದ್ದಳು.

ಅವತ್ತಿನಿಂದ ನನ್ನ ಮೈ ಬಗ್ಗೆ ನಾನು ಆಡುವ ಮಾತು ನಿಲ್ಲಿಸಿದೆ. ಸುಲಭ ಆಗಲಿಲ್ಲ, ಬಾಯಿಗೆ ಬಂದೇ ಬಿಡುತ್ತಿತ್ತು. ನೀವೂ ಒಂದು ವಾರ ನಿಮ್ಮ ಮಾತನ್ನೇ ಗಮನಿಸಿ ನೋಡಿ.

ಆಮೇಲೆ ನೆಂಟರು. "ಕಪ್ಪಾದ್ರೂ ಲಕ್ಷಣವಾಗಿದ್ದಾಳೆ" ಅನ್ನುವ ಮಾತು ಕೇಳಿರುತ್ತೀರಿ ಅಲ್ವಾ? ಹೇಳುವವರು ಹೊಗಳುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಹುಡುಗಿ ಮನೆಗೆ ಹೊತ್ತುಕೊಂಡು ಹೋಗುವುದು ಮಾತ್ರ ಆ "ಆದ್ರೂ" ಒಂದನ್ನೇ. ನನ್ನ ನಾದಿನಿ ಒಂದು ನಾಮಕರಣದಲ್ಲಿ ಎಲ್ಲರ ಮುಂದೆ ಹಾಗೆ ಅಂದಳು. "ಅವಳ ಮುಂದೆ ಬಣ್ಣದ ಮಾತು ಬೇಡಮ್ಮ. ಅವಳು ಮೊನ್ನೆ ಬೆಂಗಳೂರಿಂದ ಒಬ್ಬಳೇ ಬಸ್ಸಲ್ಲಿ ಬಂದಳು, ಹೇಗೆ ಬಂದೆ ಅಂತ ಕೇಳು" ಅಂದೆ. ಜಗಳ ಆಗಲಿಲ್ಲ, ನಾದಿನಿಗೆ ಸ್ವಲ್ಪ ಮುಜುಗರ ಆಯಿತು ಅಷ್ಟೇ. ಆದರೆ ಮಗಳು ಅಲ್ಲೇ ನಿಂತು ಕೇಳಿಸಿಕೊಂಡಳು. ಆಮೇಲೆ ಅಡುಗೆಮನೆಯಲ್ಲಿ ಒಬ್ಬರೇ ಸಿಕ್ಕಾಗ ಹೇಳಿದ್ದರೆ ಅವಳಿಗೆ ಏನೂ ಸಿಗುತ್ತಿರಲಿಲ್ಲ. ಅಪ್ಪನಿಗೂ ಇದನ್ನು ಹೇಳಿ. "ಗುಂಡಮ್ಮ" ಅಂತ ಪ್ರೀತಿಯಿಂದಲೇ ಕರೆಯುತ್ತಿದ್ದರೂ ಈಗ ನಿಲ್ಲಿಸಬೇಕು.

ಮಗಳ ಕತ್ತಿನ ಹಿಂದೆ ಕಪ್ಪಾಗಿದೆಯಾ? ಯಾಕೆ ಕೇಳುತ್ತಿದ್ದೇನೆ ಅಂದರೆ, ಕೆಲವು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಒಬ್ಬಳು ಖೋ-ಖೋ ಬಿಟ್ಟುಬಿಟ್ಟಿದ್ದಳು. ಒಳ್ಳೇ ಓಟಗಾರ್ತಿ. ಬಲವಂತ ಮಾಡಿ ಒಂದು ದಿನ ಸಾಲಿನಲ್ಲಿ ಕೂರಿಸಿದೆ. ಹಿಂದಿನಿಂದ ಬಂದವಳು ಖೋ ಕೊಟ್ಟಾಗ ಕೈ ಸ್ವಲ್ಪ ಮೇಲಕ್ಕೆ ತಾಗಿತು. ಚೀರಿದಳು. ಕಾಲರ್ ಸರಿಸಿ ನೋಡಿದರೆ ಕತ್ತಿನ ಚರ್ಮ ಕಿತ್ತು ಬಂದು ಕೆಂಪಗಾಗಿತ್ತು. ಸ್ಕೂಲಿಗೆ ಎರಡು ಜಡೆ ಮಡಚಿ ರಿಬ್ಬನ್ ಕಟ್ಟಿದರೆ ಕತ್ತು ಪೂರ್ತಿ ಕಾಣುತ್ತದಲ್ಲ, ಹಿಂದಿನ ಬೆಂಚಿನವರು "ಕೊಳಕಿ" ಅನ್ನುತ್ತಿದ್ದರಂತೆ. ಮನೆಯಲ್ಲಿ ಅಜ್ಜಿಯೂ ಸರಿಯಾಗಿ ಉಜ್ಜಿ ಸ್ನಾನ ಮಾಡಲ್ಲ ಅಂತ ಬೈಯುತ್ತಿದ್ದರು. ಯೂಟ್ಯೂಬ್ ನೋಡಿಕೊಂಡು ನಿಂಬೆಹಣ್ಣು, ಅಡುಗೆ ಸೋಡಾ ಹಾಕಿ, ತೆಂಗಿನ ನಾರಿನಲ್ಲಿ ದಿನಾ ಉಜ್ಜಿದ್ದಳು.

ಅದು ಕೊಳೆ ಅಲ್ಲವೇ ಅಲ್ಲ. ಚರ್ಮದ ಡಾಕ್ಟರು ನೋಡಿದ ತಕ್ಷಣ ಹೇಳಿದರು, ಅಕ್ಯಾಂಥೋಸಿಸ್ ನೈಗ್ರಿಕಾನ್ಸ್ ಅಂತ. ಮೈಯಲ್ಲಿ ಇನ್ಸುಲಿನ್ ಜಾಸ್ತಿ ಆದಾಗ ಕತ್ತು, ಕಂಕುಳ ಕಡೆ ಚರ್ಮ ದಪ್ಪಗಾಗಿ, ವೆಲ್ವೆಟ್ ಬಟ್ಟೆಯ ಹಾಗೆ ಕಪ್ಪಾಗುತ್ತದೆ. ಉಜ್ಜಿದಷ್ಟೂ ಇನ್ನೂ ಕಪ್ಪಾಗುತ್ತದೆ. ರಕ್ತ ಪರೀಕ್ಷೆ ಮಾಡಿಸಿ, ಸಿಹಿ ಮತ್ತು ಬೇಕರಿ ತಿಂಡಿ ಕಮ್ಮಿ ಮಾಡಿ, ದಿನಾ ಓಡಾಡಿದರೆ ನಿಧಾನಕ್ಕೆ ತಿಳಿಯಾಗುತ್ತದೆ. ಆ ಹುಡುಗಿ ಡಾಕ್ಟರ ರೂಮಿನಿಂದ ಹೊರಗೆ ಬಂದು, "ಮಿಸ್, ನಾನು ಕೊಳಕಿ ಅಲ್ಲ ಅಲ್ವಾ?" ಅಂತ ಎರಡು ಸಲ ಕೇಳಿದಳು. ಈಗಲೂ ನೆನೆದರೆ ಗಂಟಲು ಕಟ್ಟುತ್ತದೆ.

ಕ್ರೀಮಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾವೆಲ್ಲ ಫೇರ್ ಅಂಡ್ ಲವ್ಲಿ ಹಚ್ಚಿ ಬೆಳೆದವರು. 1975ರಲ್ಲಿ ಬಂದದ್ದು, 2020ರಲ್ಲಿ ಹೆಸರಿನಿಂದ "ಫೇರ್" ತೆಗೆದು ಗ್ಲೋ ಅಂಡ್ ಲವ್ಲಿ ಮಾಡಿದರು. ನನಗೆ ಜಾಸ್ತಿ ಭಯ ಇರುವುದು ಮೆಡಿಕಲ್ ಶಾಪಿನಲ್ಲಿ "ಬೆಳ್ಳಗಾಗೋ ಟ್ಯೂಬು" ಅಂತ ಕೇಳಿ ತರುವ ಮುಲಾಮುಗಳ ಬಗ್ಗೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಎರಡು ವಾರ ಮುಖ ಬೆಳ್ಳಗೆ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಗಾಗಿ, ಮೊಡವೆ ಎದ್ದು, ಕೂದಲೂ ಬೆಳೆಯುತ್ತದೆ. ಬಿಟ್ಟರೆ ಉರಿ. ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಆದರೂ ಹುಡುಗಿಯರ ಕೈಗೆ ಸಿಗುತ್ತಿದೆ. ಮಗಳ ಕಪಾಟು ಜಾಲಾಡಬೇಡಿ. "ಏನಾದ್ರೂ ಹಚ್ಕೊಳ್ತಿದ್ರೆ ತೋರಿಸು, ಬೈಯಲ್ಲ" ಅನ್ನಿ. ಮತ್ತೆ ನಿಜಕ್ಕೂ ಬೈಯಬೇಡಿ.

ಫೋನ್ ಕಿತ್ತುಕೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಫೋನೊಂದೇ ಕಾರಣವೂ ಅಲ್ಲ, ಆದರೆ ಪರದೆಯ ಶಕ್ತಿ ಸಣ್ಣದಲ್ಲ. ಫಿಜಿ ದ್ವೀಪದಲ್ಲಿ ಮೈ ತುಂಬಿಕೊಂಡಿದ್ದರೆ ಚೆಂದ ಅನ್ನುತ್ತಿದ್ದರು, ಇಳಿದುಹೋದರೆ ನಮ್ಮ ಅಜ್ಜಿಯರ ಹಾಗೆ "ಯಾಕೆ ಸೊರಗಿದ್ದೀಯ" ಅಂತ ಮರುಗುತ್ತಿದ್ದರು. ಅಲ್ಲಿನ ಒಂದು ಭಾಗಕ್ಕೆ 1995ರಲ್ಲಿ ಟಿವಿ ಬಂತು. ಆನ್ ಬೆಕರ್ ಅನ್ನುವ ಸಂಶೋಧಕಿ ಆಗಲೂ, ಮತ್ತೆ 1998ರಲ್ಲೂ ಅಲ್ಲಿನ ಸ್ಕೂಲು ಹುಡುಗಿಯರನ್ನು ಮಾತಾಡಿಸಿದರು. ತೂಕ ಇಳಿಸಲು ವಾಂತಿ ಮಾಡುತ್ತೇನೆ ಅಂದವರು ಮೊದಲು ಒಬ್ಬರೂ ಇರಲಿಲ್ಲ. ಮೂರೇ ವರ್ಷಕ್ಕೆ 100ರಲ್ಲಿ 11 ಜನ ಆಗಿದ್ದರು. ಆಗ ಅಲ್ಲಿಗೆ ಬಂದದ್ದು ಬರೀ ಟಿವಿ. ನಮ್ಮ ಮಕ್ಕಳ ಕೈಯಲ್ಲಿ ದಿನವಿಡೀ ರೀಲ್ಸ್ ಇದೆ.

ಮಗಳ ಜೊತೆ ಒಂದು ಪ್ರಯೋಗ ಮಾಡಿ. ಕೈಯಲ್ಲಿ ಫೋನ್ ಹಿಡಿದು ಒಂದು ಅಡಿ ದೂರದಿಂದ ನಿಮ್ಮದೇ ಸೆಲ್ಫಿ ತೆಗೆಯಿರಿ. ಆಮೇಲೆ ಐದು ಅಡಿ ದೂರದಿಂದ ಅವಳ ಕೈಯಲ್ಲಿ ನಿಮ್ಮ ಫೋಟೋ ತೆಗೆಸಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ಮೂಗು ನೋಡಿ. ಹತ್ತಿರದಿಂದ ತೆಗೆದಾಗ ಮೂಗು ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ಡಾಕ್ಟರುಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ನಮ್ಮ ಎಂಟನೇ ಕ್ಲಾಸಿನ ಹುಡುಗಿಯರಿಗೆ ಇದನ್ನು ಮಾಡಿಸಿದಾಗ ಇಡೀ ಕ್ಲಾಸು "ಅಯ್ಯೋ ಹೌದಲ್ವಾ!" ಅಂತ ಕೂಗಿಕೊಂಡಿತು. ನಾಲ್ಕಾರು ಜನ ತಮ್ಮ ಮೂಗು ದಪ್ಪ ಅಂತ ವರ್ಷದಿಂದ ಕೊರಗುತ್ತಿದ್ದರಂತೆ.

ಇನ್ನು ಆಟ. ಮೈ ಅಂದರೆ ಬರೀ ನೋಡುವ ವಸ್ತು ಅಲ್ಲ ಅಂತ ಬಾಯಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ. ಆರು ವಾರ ಓಡಿ, ಮೊದಲು ಏದುಸಿರು ಬಿಡುತ್ತಿದ್ದ ಸುತ್ತನ್ನು ಸಲೀಸಾಗಿ ಮುಗಿಸಿದ ದಿನ ಆ ಮುಖ ನೋಡಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ನಮ್ಮ ಹೆಣ್ಣುಮಕ್ಕಳ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಆ ವಿಡಿಯೋ ನಮ್ಮ ಹುಡುಗಿಯರು ಎಷ್ಟು ಸಲ ನೋಡಿದರೋ. ಆಟವೇ ಆಗಬೇಕು ಅಂತಿಲ್ಲ. ಸೈಕಲ್, ಈಜು, ಡೊಳ್ಳು, ತೋಟದ ಕೆಲಸ, ಯಾವುದಾದರೂ ಸರಿ. "ತೂಕ ಇಳಿಯುತ್ತೆ, ಹೋಗು" ಅಂತ ಮಾತ್ರ ಕಳಿಸಬೇಡಿ.

ಇನ್ನೊಂದು, ಯಾರೂ ಬಾಯಿ ಬಿಟ್ಟು ಹೇಳದ್ದು. ಎಂಟು, ಒಂಬತ್ತಕ್ಕೆ ಬಂದ ಹುಡುಗಿಯರು ಮೈದಾನಕ್ಕೆ ಬರದೇ ಇರುವುದಕ್ಕೆ ಎಷ್ಟೋ ಸಲ ಕಾರಣ ಸರಿಯಾದ ಬ್ರಾ ಇಲ್ಲದೇ ಇರುವುದು. ಓಡಿದರೆ ನೋವು, ಹುಡುಗರು ನೋಡುತ್ತಾರೆ ಅನ್ನುವ ಮುಜುಗರ. ಭುಜ ಮುಂದಕ್ಕೆ ಬಗ್ಗಿಸಿ, ಪುಸ್ತಕ ಎದೆಗವಚಿಕೊಂಡೇ ನಡೆಯುತ್ತಾರೆ. ಹೆಂಗಸರೇ ಇರುವ ಅಂಗಡಿಗೆ ಕರೆದುಕೊಂಡು ಹೋಗಿ ಅಳತೆ ತೆಗೆಸಿ. ಎರಡು ಸ್ಪೋರ್ಟ್ಸ್ ಬ್ರಾ, ಮೈಗೆ ಸಡಿಲವಾಗಿ ಕೂರುವ ಒಂದು ಟೀ ಶರ್ಟ್. "ಇಳಿದ ಮೇಲೆ ಹಾಕ್ಕೊಳ್ಳೋಣ" ಅಂತ ಚಿಕ್ಕ ಸೈಜು ತರಬೇಡಿ, ಇವತ್ತಿನ ಮೈಗೆ ಆಗುವುದನ್ನು ತನ್ನಿ.

ಮದುವೆ ವಿಷಯ. ಬಲವಂತ ಮಾಡಬೇಡಿ, ಬಿಟ್ಟು ಹೋಗಲೂ ಬೇಡಿ. ಬಟ್ಟೆ ಅವಳೇ ಆರಿಸಲಿ, ಮಾವಿನಹಣ್ಣಿನ ಬಣ್ಣವಾದರೂ ಸರಿ, ಕಪ್ಪಾದರೂ ಸರಿ. ನಿಮ್ಮ ಅಮ್ಮನಿಗೆ, ಅಕ್ಕತಂಗಿಯರಿಗೆ ಮೊದಲೇ ಫೋನ್ ಮಾಡಿ "ಅವಳನ್ನ ಕಂಡ ತಕ್ಷಣ ಮೈ ಬಗ್ಗೆ, ಬಣ್ಣದ ಬಗ್ಗೆ ಏನೂ ಅನ್ನಬೇಡಿ" ಅಂತ ಹೇಳಿಬಿಡಿ. ಅವಳಿಗೊಂದು ಕೆಲಸ ಕೊಡಿ. ಸುಮ್ನೆ ಕೂತ ಹುಡುಗಿಯನ್ನೇ ಎಲ್ಲರೂ ಮೇಲಿಂದ ಕೆಳಗೆ ನೋಡುವುದು. ನನ್ನ ಮಗಳಿಗೆ ನಮ್ಮ ಅಣ್ಣನ ಮಗನ ಮದುವೆಯಲ್ಲಿ ತಾಂಬೂಲದ ಚೀಲ ಹಂಚುವ ಜವಾಬ್ದಾರಿ ಕೊಟ್ಟಿದ್ದೆ. 400 ಚೀಲ ಎಣಿಸಿ, ಕೊನೆಗೆ 12 ಕಮ್ಮಿ ಬಿದ್ದಾಗ ತೆಂಗಿನಕಾಯಿ ಎಲ್ಲಿಂದಲೋ ಹುಡುಕಿ ತಂದಳು. ಅವತ್ತಿನ ಫೋಟೋದಲ್ಲಿ ಅವಳಿಲ್ಲ. ಕೇಳಲೂ ಇಲ್ಲ ನಾನು.

ಇವತ್ತು ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತುಕೊಳ್ಳಿ, ಟಿವಿ ಆರಿಸಿ. ಅವಳ ತಟ್ಟೆ ನೋಡಬೇಡಿ, ಬಡಿಸಿ ಬೇರೆ ಮಾತು ತೆಗೆಯಿರಿ. ಮದುವೆ ಮುಗಿದ ಮೇಲೆ ಹೇಗಾಯಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ಕಾಯುತ್ತಿರುತ್ತೇನೆ.